ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾರೋಕೆ ನಿಜವಾಗಿ ಎಷ್ಟು ಲೈಸೆನ್ಸ್ ಬೇಕು?

ಬೆಟ್ಟದಬದಿ (ನವೆಂಬರ್ 2025)
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅತ್ತಿಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಪರಿಚಯದವರಿಗೆ ಮಾರುತ್ತಿದ್ದಾರೆ. ಮೊದಲು ನೆಂಟರಿಗಷ್ಟೇ ಇತ್ತು. ಈಗ ವಾಟ್ಸಾಪಿನಲ್ಲಿ ಆರ್ಡರ್ ಬರುತ್ತೆ. ಬೆಂಗಳೂರು, ಹುಬ್ಬಳ್ಳಿ ಜೊತೆಗೆ ಪುಣೆ, ಮುಂಬೈಗೂ ಕೊರಿಯರ್ ಹೋಗುತ್ತೆ. ಎಲ್ಲ ಸೇರಿ ವರ್ಷಕ್ಕೆ ಐದಾರು ಲಕ್ಷದ ವಹಿವಾಟು. ಕೆಲಸಕ್ಕೆ ಅಕ್ಕಪಕ್ಕದ ಇಬ್ಬರು ಹೆಂಗಸರು ಬರುತ್ತಾರೆ.

ಹೋದ ವಾರ ಬೆಂಗಳೂರಿನ ಒಂದು ಅಂಗಡಿಯವರು ತಿಂಗಳಿಗೆ ಇಷ್ಟು ಅಂತ ತಗೊಳ್ಳೋಕೆ ಒಪ್ಪಿದರು. ಆದರೆ ಪ್ಯಾಕೆಟ್ ಮೇಲೆ ಫುಡ್ ನಂಬರ್ ಬೇಕು, ಬಿಲ್ ಬೇಕು ಅಂದರು. ಒಬ್ಬ ಏಜೆಂಟ್ ಹತ್ತಿರ ವಿಚಾರಿಸಿದರೆ ಉದ್ದದ ಪಟ್ಟಿ ಕೊಟ್ಟ: ಪ್ರೈವೇಟ್ ಲಿಮಿಟೆಡ್ ಕಂಪನಿ, ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯವರ ನೋಂದಣಿ), ಎಂಎಸ್‌ಎಂಇ (ಸಣ್ಣ ಉದ್ದಿಮೆ) ಸರ್ಟಿಫಿಕೇಟ್, ಟ್ರೇಡ್‌ಮಾರ್ಕ್, ಐಎಸ್‌ಒ. ಎಲ್ಲ ಸೇರಿ 38,000. ಅತ್ತಿಗೆ ಕೇಳಿ "ನಂಗೆ ವ್ಯಾಪಾರವೇ ಬೇಡ" ಅಂತ ಕೂತಿದ್ದಾರೆ.

ಇದರಲ್ಲಿ ಕಾನೂನು ಪ್ರಕಾರ ಬೇಕೇ ಬೇಕಾದದ್ದು ಯಾವುದು, ಸುಮ್ನೆ ಸೇರಿಸಿದ್ದು ಯಾವುದು? ಗೊತ್ತಿದ್ದವರು ಹೇಳಿ.

ಮಂಡ್ಯದಮಾವ
ಮೊದಲು ಹಪ್ಪಳದ ರೇಟ್ ಹೇಳಿ ಸ್ವಾಮಿ, ಕಾನೂನು ಆಮೇಲೆ ನೋಡೋಣ 😄

ಲೆಕ್ಕದಪುಸ್ತಕ
ನಾನು ತೆರಿಗೆ ಸಲಹೆ ಕೆಲಸದಲ್ಲಿದ್ದೇನೆ. ಬೇಕೇ ಬೇಕಾದದ್ದು ಎಫ್‌ಎಸ್‌ಎಸ್‌ಎಐ ನೋಂದಣಿ. ಮನೆ ಅಡುಗೆಮನೆಯಲ್ಲಿ ಮಾಡಿ ಮಾರಿದರೂ ಬೇಕು. 2025ರ ನಿಯಮದಲ್ಲಿ ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ ಬೇಸಿಕ್ ರಿಜಿಸ್ಟ್ರೇಷನ್ ಸಾಕು, ಸರ್ಕಾರಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಫಾಸ್ಕಾಸ್ ಅಂತ ಪೋರ್ಟಲ್ ಇದೆ, ಒಂದರಿಂದ ಐದು ವರ್ಷದವರೆಗೆ ಒಟ್ಟಿಗೇ ಕಟ್ಟಬಹುದು. ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆ ಹಾಕಿ ನೀವೇ ಅರ್ಜಿ ಕೊಡಬಹುದು. ಬರೋ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೆ ಇರಬೇಕು. ಅಂಗಡಿಯವರು ಕೇಳಿದ್ದು ಅದನ್ನೇ.

ಕಂಪನಿ ಬೇಡ. ಐಎಸ್‌ಒ ಕಾನೂನಿನ ಅಗತ್ಯವೇ ಅಲ್ಲ, ಅದು ಖಾಸಗಿ ಪ್ರಮಾಣಪತ್ರ. ಎಂಎಸ್‌ಎಂಇ ಅಂದರೆ ಉದ್ಯಮ್ ನೋಂದಣಿ, ಅದು ಪೂರ್ತಿ ಉಚಿತ. ಟ್ರೇಡ್‌ಮಾರ್ಕ್ ನಿಮ್ಮಿಷ್ಟ. ಜಿಎಸ್‌ಟಿ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಸಂಜೆ ಬರೆಯುತ್ತೇನೆ.

ಹುಬ್ಬಳ್ಳಿಹುಡುಗ
ಜಿಎಸ್‌ಟಿ 40 ಲಕ್ಷದ ಮೇಲೆ ಅಲ್ವಾ? ಇವರದ್ದು ಐದಾರು ಲಕ್ಷ. ಬಿಡಿ, ಏನೂ ಬೇಡ. ಮುಗೀತು.

ಕೋರ್ಟುಕಟ್ಟೆ
ಮುಗಿದಿಲ್ಲ ರೀ. 40 ಲಕ್ಷದ ಮಿತಿ ಇರೋದು ರಾಜ್ಯದೊಳಗೆ ಸರಕು ಮಾರುವವರಿಗೆ. ಹೊರರಾಜ್ಯಕ್ಕೆ ತೆರಿಗೆ ಬೀಳುವ ಸರಕು ಕಳಿಸಿದರೆ ಒಂದು ರೂಪಾಯಿ ವ್ಯಾಪಾರವಿದ್ದರೂ ನೋಂದಣಿ ಕಡ್ಡಾಯ. ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 24ನೇ ಸೆಕ್ಷನ್ ಓದಿ. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಉಪ್ಪಿನಕಾಯಿಗೆ ಇಲ್ಲ. ಪುಣೆ, ಮುಂಬೈ ಅಂದರಲ್ಲ, ಅಲ್ಲೇ ಸಿಕ್ಕಿಬೀಳೋದು.

ಹುಬ್ಬಳ್ಳಿಹುಡುಗ
ಒಂದು ಬಾಟಲಿ ಉಪ್ಪಿನಕಾಯಿ ಪುಣೆಗೆ ಹೋದರೆ ನೋಂದಣಿ? ಇದು ಯಾವ ನ್ಯಾಯ?

ಕೋರ್ಟುಕಟ್ಟೆ
ನ್ಯಾಯದ ಮಾತು ಬೇರೆ, ಕಾನೂನಿನ ಮಾತು ಬೇರೆ. ಹೊರರಾಜ್ಯಕ್ಕೆ ಹೋದ ಸರಕಿನ ತೆರಿಗೆಯಲ್ಲಿ ರಾಜ್ಯದ ಪಾಲು ಅದನ್ನು ಬಳಸುವ ರಾಜ್ಯಕ್ಕೆ ಸೇರಬೇಕು. ಕಳಿಸುವವರ ಲೆಕ್ಕವೇ ಇಲ್ಲದಿದ್ದರೆ ಯಾರಿಗೆ ಎಷ್ಟು ಅಂತ ಹಂಚೋದು ಹೇಗೆ? ಅದಕ್ಕೇ ಈ ಬಿಗಿ.

ಪುಣೆಕನ್ನಡತಿ
ನಮ್ಮ ಅಮ್ಮ ವರ್ಷಾ ವರ್ಷಾ ನನಗೆ ಉಪ್ಪಿನಕಾಯಿ ಕಳಿಸ್ತಾರೆ. ಅವರೂ ನೋಂದಣಿ ಮಾಡಿಸಬೇಕಾ? 🙂

ಕೋರ್ಟುಕಟ್ಟೆ
ದುಡ್ಡು ತಗೊಳ್ತಾರಾ? ಇಲ್ಲ ಅಂದರೆ ಅದು ವ್ಯಾಪಾರವೇ ಅಲ್ಲ. ಬೈಗುಳ ಲೆಕ್ಕಕ್ಕೆ ಬರಲ್ಲ.

ಲೆಕ್ಕದಪುಸ್ತಕ
ಸಂಜೆ ಬರ್ತೀನಿ ಅಂದಿದ್ದೆ. ಕೋರ್ಟುಕಟ್ಟೆಯವರು ಹೇಳಿದ್ದು ಸರಿ, ಆದರೆ "ತೆರಿಗೆ ಬೀಳುವ ಸರಕು" ಅನ್ನೋ ಮಾತಿನಲ್ಲೇ ನಿಮಗೆ ದಾರಿ ಇದೆ.

ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಯಾವ ಹೆಸರಿನಿಂದ ಕರೆದರೂ ಹಪ್ಪಳ ಹಪ್ಪಳವೇ ಅಂತ ಪಟ್ಟಿಯಲ್ಲೇ ಬರೆದಿದೆ. ಹೋಟೆಲಿನಲ್ಲಿ ತಿನ್ನೋಕೆ ಬಡಿಸಿದ್ದಕ್ಕೆ ಮಾತ್ರ ಈ ವಿನಾಯಿತಿ ಇಲ್ಲ. ಉಪ್ಪಿನಕಾಯಿಗೆ ತೆರಿಗೆ ಇದೆ, ಮೊದಲು ಶೇ. 12 ಇತ್ತು, ಈ ವರ್ಷ ಸೆಪ್ಟೆಂಬರ್ 22ರಿಂದ ಶೇ. 5.

ಹಾಗಾಗಿ ಹಪ್ಪಳವನ್ನು ಪುಣೆಗಾದರೂ ಕಳಿಸಿ, ಪಟ್ನಾಕ್ಕಾದರೂ ಕಳಿಸಿ, ಅದಕ್ಕಾಗಿ ನೋಂದಣಿ ಬೇಡ. ಉಪ್ಪಿನಕಾಯಿಯನ್ನು ಕರ್ನಾಟಕದೊಳಗೇ ಮಾರಿದರೆ, ಒಟ್ಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ. ಉಪ್ಪಿನಕಾಯಿ ಬಾಟಲಿಯನ್ನು ಪುಣೆ ವಿಳಾಸಕ್ಕೆ ನೀವೇ ಕೊರಿಯರ್ ಮಾಡಿದ ದಿನ ನೋಂದಣಿ ಬೇಕಾಗುತ್ತೆ. ಯಾವುದು ಲಾಭ ಅಂತ ಅತ್ತಿಗೆಯವರೇ ನಿರ್ಧರಿಸಲಿ. ಹೊರಗಿನ ಉಪ್ಪಿನಕಾಯಿ ಆರ್ಡರ್ ತಿಂಗಳಿಗೆ ನಾಲ್ಕು ಬಾಟಲಿ ಆದರೆ ಬಿಟ್ಟುಬಿಡಿ. ವ್ಯಾಪಾರದ ಅರ್ಧ ಅದೇ ಆದರೆ ಮಾಡಿಸಿ.

ಇನ್ನೊಂದು. ಒಮ್ಮೆ ನೋಂದಣಿ ಆದರೆ ಹುಬ್ಬಳ್ಳಿಗೆ ಹೋಗುವ ಉಪ್ಪಿನಕಾಯಿಗೂ ಶೇ. 5 ಕಟ್ಟಬೇಕು. ಮಾರಾಟ ಇರಲಿ, ಇಲ್ಲದಿರಲಿ, ರಿಟರ್ನ್ (ಮಾರಾಟ, ತೆರಿಗೆಯ ಲೆಕ್ಕ) ಹಾಕಲೇಬೇಕು. ಶೂನ್ಯ ರಿಟರ್ನ್ ಮರೆತರೂ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕ. ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ತಿಂಗಳಿಗೆ ಎರಡೂವರೆ ಲಕ್ಷದೊಳಗೆ ತೆರಿಗೆ ಬರುವವರು ಬಯಸಿದರೆ ಮೂರು ಕೆಲಸದ ದಿನದಲ್ಲಿ ನೋಂದಣಿ ಕೊಡುವ ವ್ಯವಸ್ಥೆ ಇದೇ ನವೆಂಬರ್ 1ರಿಂದ ಬಂದಿದೆ.

ಬೆಟ್ಟದಬದಿ
ಅಬ್ಬಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಏಜೆಂಟ್ "ಕಾಂಪೊಸಿಷನ್ ಮಾಡಿಸೋಣ, ಶೇ. 1 ಅಷ್ಟೇ" ಅಂದಿದ್ದ. ಅದು ಹೇಗೆ?

ಲೆಕ್ಕದಪುಸ್ತಕ
ಸರಿಯಾಗಿ ಹೇಳಲಿಲ್ಲ ಅವನು. ಕಾಂಪೊಸಿಷನ್ ಅಂದರೆ ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆ. ಅದರಲ್ಲಿ ಇರುವವರು ಹೊರರಾಜ್ಯಕ್ಕೆ ಸರಕು ಮಾರುವ ಹಾಗೇ ಇಲ್ಲ. ನಿಮಗೆ ನೋಂದಣಿ ಬೇಕಾಗೋದೇ ಪುಣೆಗಾಗಿ. ಕಾಂಪೊಸಿಷನ್ ತಗೊಂಡರೆ ಅದೇ ಬಾಗಿಲು ಮುಚ್ಚುತ್ತೆ.

ಯಶವಂತಪುರಬೇಕರಿ
ಇಷ್ಟೆಲ್ಲ ತಲೆಬಿಸಿ ಯಾಕೆ? ಕ್ಯಾಶ್ ತಗೊಳ್ಳಿ. ಜುಲೈನಲ್ಲಿ ಏನಾಯ್ತು ನೋಡಿದಿರಲ್ಲ. ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ತೆಗೆದು ಕಾಂಡಿಮೆಂಟ್ಸ್, ಬೇಕರಿ, ಹಾಲಿನ ಬೂತ್ ಯಾರನ್ನೂ ಬಿಡದೆ ನೋಟಿಸ್ ಕಳಿಸಿದರು. ನಮ್ಮ ರಸ್ತೆಯಲ್ಲಿ ಪೂರ್ತಿ "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ರಟ್ಟಿನ ಬೋರ್ಡು ನೇತಾಡ್ತಿತ್ತು.

ಕೋರ್ಟುಕಟ್ಟೆ
ಬೇಕರಿಯವರೇ, ತಪ್ಪು ಸಲಹೆ ಕೊಡಬೇಡಿ. ತೆರಿಗೆ ಬೀಳೋದು ವಹಿವಾಟಿನ ಮೇಲೆ. ದುಡ್ಡು ಫೋನಿನಲ್ಲಿ ಬಂತಾ, ಕೈಯಲ್ಲಿ ಬಂತಾ ಅನ್ನೋದರ ಮೇಲಲ್ಲ. ಯುಪಿಐ ಬರೀ ಸುಳಿವು. ಕ್ಯಾಶ್ ತಗೊಂಡರೆ ಕಾನೂನು ಬದಲಾಗಲ್ಲ.

ಯಶವಂತಪುರಬೇಕರಿ
ಸುಳಿವು ಅಂತೆ! 2021-22ರಿಂದ ನಾಲ್ಕು ವರ್ಷದ ಲೆಕ್ಕ ಒಟ್ಟಿಗೇ ಕೇಳಿದರೆ ಹೊಟ್ಟೆ ತಣ್ಣಗಾಗಲ್ವಾ? ಹಾವೇರಿಯಲ್ಲಿ ತರಕಾರಿ ಮಾರುವವರಿಗೆ 29 ಲಕ್ಷದ ನೋಟಿಸ್ ಬಂತು ಅಂತ ಪೇಪರಿನಲ್ಲೇ ಬಂದಿತ್ತು. ತರಕಾರಿಗೆ ತೆರಿಗೆ ಇದೆಯಾ ಹೇಳಿ ಲಾಯರ್ ಸಾಹೇಬರೇ.

ಕೋರ್ಟುಕಟ್ಟೆ
ತಾಜಾ ತರಕಾರಿಗೆ ಇಲ್ಲ. ಹಾಲಿಗೂ ಇಲ್ಲ, ಬ್ರೆಡ್ಡಿಗೂ ಇಲ್ಲ. ಅದನ್ನೇ ಉತ್ತರದಲ್ಲಿ ಬರೆಯಬೇಕು. ನೋಟಿಸ್ ಅಂದರೆ ತೀರ್ಪಲ್ಲ. "ನಮಗೆ ಹೀಗೆ ಕಾಣ್ತಿದೆ, ನೀವೇನು ಹೇಳ್ತೀರಿ?" ಅಂತ ಕೇಳೋದು. ಉತ್ತರ ನೋಡಿ ಆಮೇಲೆ ಆದೇಶ ಬರುತ್ತೆ. ಆದೇಶ ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಇದೆ. ನೋಟಿಸ್ ಬಂದ ದಿನವೇ ಸಾಲ ಮಾಡಿ ದುಡ್ಡು ಕಟ್ಟೋದೂ ತಪ್ಪು, ಡ್ರಾಯರಿಗೆ ಹಾಕಿ ಮರೆಯೋದು ಅದಕ್ಕಿಂತ ತಪ್ಪು. ಉತ್ತರ ಕೊಡದೆ ಕೂತವರ ಮೇಲೆ ಇಲಾಖೆ ತನ್ನ ಲೆಕ್ಕದಲ್ಲೇ ಆದೇಶ ಮಾಡಬಹುದು.

ಲೆಕ್ಕದಪುಸ್ತಕ
ಇದಕ್ಕೆ ಒಂದು ಮಾತು ಸೇರಿಸ್ತೀನಿ, ಬೇಕರಿಯವರಿಗೇ ಬೇಕಾದದ್ದು. 40 ಲಕ್ಷದ ಲೆಕ್ಕ ಹಾಕುವಾಗ ತೆರಿಗೆ ಇಲ್ಲದ ಮಾಲೂ ಸೇರುತ್ತೆ. ಬ್ರೆಡ್ ಮತ್ತು ಹಾಲು 35 ಲಕ್ಷ, ಕೇಕ್ ಮತ್ತು ಬಿಸ್ಕತ್ತು 7 ಲಕ್ಷ ಅಂತಿಟ್ಟುಕೊಳ್ಳಿ. ಒಟ್ಟು 42 ಲಕ್ಷ, ಮಿತಿ ದಾಟಿತು, ನೋಂದಣಿ ಬೇಕು. ತೆರಿಗೆ ಮಾತ್ರ ಆ 7 ಲಕ್ಷದ ಮಾಲಿನ ಮೇಲೆ. ಬರೀ ತೆರಿಗೆ ಇಲ್ಲದ ಮಾಲನ್ನೇ ಮಾರುವವರು ಕೋಟಿ ದಾಟಿದರೂ ನೋಂದಣಿ ಬೇಡ. ಜುಲೈನ ಗಲಾಟೆಯಲ್ಲಿ ಬಹಳ ಜನಕ್ಕೆ ಈ ವ್ಯತ್ಯಾಸವೇ ಗೊತ್ತಿರಲಿಲ್ಲ. ಇಲಾಖೆಗೂ ಬ್ಯಾಂಕಿಗೆ ಬಂದ ಮೊತ್ತ ಕಾಣ್ತಿತ್ತೇ ಹೊರತು ಮಾರಿದ್ದು ಬ್ರೆಡ್ಡೋ ಕೇಕೋ ಕಾಣ್ತಿರಲಿಲ್ಲ.

ಜುಲೈ 23ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡಲ್ಲ, ಮಿತಿ ದಾಟಿದವರು ಇನ್ನು ಮುಂದೆ ನೋಂದಣಿ ಮಾಡಿಸಿ ಅಂದರು. ನೋಟಿಸ್ ವಿರುದ್ಧ ವ್ಯಾಪಾರಿಗಳು ಕರೆದಿದ್ದ 25ರ ಬಂದ್ ಅಲ್ಲಿಗೆ ನಿಂತಿತು.

ಯಶವಂತಪುರಬೇಕರಿ
ಹೆದರಿಸಿ ಆಮೇಲೆ ಸಮಾಧಾನ ಮಾಡೋದು. ಮೊದಲೇ ಅಂಗಡಿಗೆ ಬಂದು ತಿಳಿಸಿ ಹೇಳಿದ್ದರೆ ಏನಾಗ್ತಿತ್ತು? ಆದ್ರೂ ನೀವು ಹೇಳಿದ ಬ್ರೆಡ್-ಕೇಕ್ ಲೆಕ್ಕ ನನ್ನ ಆಡಿಟರ್ ಕೂಡ ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ಹುಬ್ಬಳ್ಳಿಹುಡುಗ
ಎಲ್ಲ ದಿಲ್ಲಿಯವರ ಕೆಲಸ. ರೇಟ್ ಅವರದ್ದು, ಬೈಸಿಕೊಳ್ಳೋದು ನಮ್ಮವರು.

ಮಂಡ್ಯದಮಾವ
ನೋಟಿಸ್ ಕಳಿಸಿದ್ದು ದಿಲ್ಲಿಯವರಾ? ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ತಾನೆ?

ಕೋರ್ಟುಕಟ್ಟೆ
ಇಬ್ಬರೂ ಅರ್ಧರ್ಧ ಸರಿ. ದರ ಶಿಫಾರಸು ಮಾಡೋದು ಜಿಎಸ್‌ಟಿ ಮಂಡಳಿ. ಕೇಂದ್ರ ಹಣಕಾಸು ಸಚಿವರು ಅಧ್ಯಕ್ಷರು, ಎಲ್ಲ ರಾಜ್ಯಗಳ ಮಂತ್ರಿಗಳು ಸದಸ್ಯರು. ಮತದಲ್ಲಿ ಕೇಂದ್ರದ ತೂಕ ಮೂರನೇ ಒಂದು, ರಾಜ್ಯಗಳದ್ದು ಮೂರನೇ ಎರಡು. ತೀರ್ಮಾನಕ್ಕೆ ನಾಲ್ಕನೇ ಮೂರು ಭಾಗ ಬೇಕು. ಅಂದರೆ ಕೇಂದ್ರ ಒಪ್ಪದೆ ಏನೂ ಆಗಲ್ಲ, ಕೇಂದ್ರ ಒಂದೇ ಏನೂ ಮಾಡೋಕಾಗಲ್ಲ. ಮಂಡಳಿ ಹೇಳಿದ್ದು ಶಿಫಾರಸು ಮಾತ್ರ, ಸರ್ಕಾರಗಳನ್ನು ಕಟ್ಟಿಹಾಕಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾರಿಗೆ ತರೋದು ಮಾತ್ರ ಎರಡೂ ಕಡೆಯ ಅಧಿಕಾರಿಗಳು.

ಹುಬ್ಬಳ್ಳಿಹುಡುಗ
ಹಾಗಾದ್ರೆ ಕಾಯ್ದೆಯಲ್ಲಿ ಹಪ್ಪಳದ ಹೆಸರೇ ಇಲ್ವಾ?

ಕೋರ್ಟುಕಟ್ಟೆ
ಇಲ್ಲ. ಸಂಸತ್ತು ಕಾಯ್ದೆ ಮಾಡುತ್ತೆ: ತೆರಿಗೆ ಹಾಕಬಹುದು, ಇಷ್ಟು ಮೀರಬಾರದು ಅಂತ. ಯಾವುದಕ್ಕೆ ಎಷ್ಟು ಅಂತ ಸರ್ಕಾರ ಅಧಿಸೂಚನೆ ಹೊರಡಿಸುತ್ತೆ. ಫಾರಂ ಹೇಗೆ ತುಂಬೋದು ಅನ್ನೋದು ನಿಯಮಗಳಲ್ಲಿ. ಅಧಿಕಾರಿಗಳಿಗೆ ಅರ್ಥ ಮಾಡಿಸೋಕೆ ಸುತ್ತೋಲೆ. ಸುತ್ತೋಲೆ ತೋರಿಸಿ ಕಾಯ್ದೆಯಲ್ಲಿ ಇಲ್ಲದ್ದನ್ನು ನಿಮ್ಮಿಂದ ವಸೂಲಿ ಮಾಡೋ ಹಾಗಿಲ್ಲ. ಕಚೇರಿಯಲ್ಲಿ "ರೂಲ್ಸ್ ಇದೆ" ಅಂದರೆ ಯಾವುದು, ನಂಬರ್ ಎಷ್ಟು ಅಂತ ಕೇಳಿ. ಅರ್ಧ ಸಲ ಇರೋದೇ ಇಲ್ಲ.

ಪುಣೆಕನ್ನಡತಿ
ದುಂಡು ಹಪ್ಪಳಕ್ಕೆ ತೆರಿಗೆ ಇಲ್ಲ, ಚೌಕ ಹಪ್ಪಳಕ್ಕೆ ಇದೆ ಅಂತ ಒಮ್ಮೆ ಟ್ವಿಟರಿನಲ್ಲಿ ಓಡಾಡಿತ್ತಲ್ಲ, ಅದು ನಿಜನಾ?

ಲೆಕ್ಕದಪುಸ್ತಕ
2021ರ ಸುದ್ದಿ ಅದು. ಆಕಾರ ಯಾವುದಾದರೂ ಹಪ್ಪಳಕ್ಕೆ ತೆರಿಗೆ ಇಲ್ಲ ಅಂತ ಆಗಲೇ ಕೇಂದ್ರ ತೆರಿಗೆ ಮಂಡಳಿ ಸ್ಪಷ್ಟ ಮಾಡಿತು. ಗಲಾಟೆ ಇದ್ದದ್ದು ಫ್ರೈಮ್ಸ್ (ಯಂತ್ರದಲ್ಲಿ ಒತ್ತಿ ಆಕಾರ ಕೊಟ್ಟ, ಕರಿದು ತಿನ್ನುವ ತಿಂಡಿ) ಬಗ್ಗೆ. ಕರಿಯದ ಫ್ರೈಮ್ಸ್‌ಗೆ 2023ರಲ್ಲಿ ಶೇ. 18ರಿಂದ 5ಕ್ಕೆ ಇಳಿಸಿದರು.

ಸಾಗರದಸೊಸೆ
ಹಾಗಾದ್ರೆ ಸಂಡಿಗೆ? ಅರಳು ಸಂಡಿಗೆ, ಬೂದುಗುಂಬಳದ ಸಂಡಿಗೆ? ಅದು ಹಪ್ಪಳದ ಕಡೆನಾ, ಫ್ರೈಮ್ಸ್ ಕಡೆನಾ?

ಮಂಡ್ಯದಮಾವ
ಅಯ್ಯೋ ತಾಯಿ, ಶುರುವಾಯ್ತು.

ಹುಬ್ಬಳ್ಳಿಹುಡುಗ
ಸಂಡಿಗೆ ಹಪ್ಪಳದ ತಂಗಿ. ವಿನಾಯಿತಿ ಕೊಡಲೇಬೇಕು.

ಕೋರ್ಟುಕಟ್ಟೆ
ನಗಬೇಡಿ, ಇಂಥದ್ದೇ ದೊಡ್ಡ ಜಗಳಗಳಾಗಿವೆ. 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ (ಯಾವ ಮಾಲಿಗೆ ಎಷ್ಟು ಜಿಎಸ್‌ಟಿ ಅಂತ ಕೇಳಿದವರಿಗೆ ಮೊದಲೇ ಹೇಳುವ ಸಂಸ್ಥೆ) ಪರೋಟ ರೊಟ್ಟಿ-ಚಪಾತಿಯ ಜಾತಿಗೆ ಸೇರಲ್ಲ, ಶೇ. 18 ಕಟ್ಟಿ ಅಂತ ಹೇಳಿತ್ತು. ದೇಶವೆಲ್ಲ ನಕ್ಕಿತು. ಈ ಸೆಪ್ಟೆಂಬರಿನಲ್ಲಿ ಪರೋಟಕ್ಕೂ ತೆರಿಗೆ ತೆಗೆದರು. ಸಂಡಿಗೆಯೇ ನಿಮ್ಮ ದೊಡ್ಡ ವ್ಯಾಪಾರವಾಗಿದ್ದರೆ ಅದೇ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಕೇಳಬಹುದು. ಕೇಂದ್ರ, ರಾಜ್ಯ ಎರಡೂ ಸೇರಿ ಶುಲ್ಕ 10,000. ಬಂದ ತೀರ್ಪು ಕೇಳಿದವರಿಗೆ ಮತ್ತು ಅವರ ವ್ಯಾಪ್ತಿಯ ಅಧಿಕಾರಿಗೆ ಮಾತ್ರ ಅನ್ವಯ. ಪಕ್ಕದ ಮನೆಯವರ ಸಂಡಿಗೆಗೆ ಅಲ್ಲ.

ಸಾಗರದಸೊಸೆ
10,000ಕ್ಕೆ ಎಷ್ಟು ಸಂಡಿಗೆ ಮಾರಬೇಕು ಗೊತ್ತಾ ನಿಮಗೆ? 😂

ತಮಾಷೆ ಬಿಡಿ, ನಾನೂ ಇದೇ ವ್ಯಾಪಾರದವಳು. ಬೆಟ್ಟದಬದಿಯವರ ಅತ್ತಿಗೆಗೆ ಕೆಲವು ಮಾತು. ಫುಡ್ ನಂಬರ್ ಮಾಡಿಸಿಕೊಂಡ ಮೇಲೆ ನಮ್ಮ ಮನೆಗೆ ಅಧಿಕಾರಿ ಬಂದು ನೋಡಿದ್ದರು. ಹಪ್ಪಳ ನೋಡ್ತಾರೆ ಅಂತ ನಾನು ಕಾದಿದ್ದರೆ ಅವರು ಮೊದಲು ಕೇಳಿದ್ದು ನೀರು ಎಲ್ಲಿಯದು ಅಂತ. ಬಾವಿ ನೀರು ಅಂದಿದ್ದಕ್ಕೆ ಪರೀಕ್ಷೆ ವರದಿ ಕೇಳಿದರು. ಆಮೇಲೆ ಉಪ್ಪುನೀರಿನಲ್ಲಿ ಮಿಡಿ ಹಾಕಿಟ್ಟ ಡ್ರಮ್ಮಿನ ಮುಚ್ಚಳ ಎತ್ತಿ ನೋಡಿದರು. ಡ್ರಮ್ಮು ಆಹಾರಕ್ಕೆ ಅಂತಲೇ ಮಾಡಿದ್ದಾ, ಹಳೇ ಕೆಮಿಕಲ್ ಡ್ರಮ್ಮಾ ಅಂತ ತಳದ ಗುರುತು ತಿರುಗಿಸಿ ಓದಿದರು. ಇದು ಸರಿಯಾದ ಪ್ರಶ್ನೆಯೇ, ನನಗೆ ಬೇಜಾರಾಗಲಿಲ್ಲ. ಹಪ್ಪಳ ಒಣಗಿಸೋ ಅಂಗಳಕ್ಕೆ ಬಲೆ ಕಟ್ಟಿ ಅಂದರು, ಕಟ್ಟಿದೆವು.

ಎರಡನೇದು ಲೇಬಲ್. ಅಂಗಡಿಯವರು ಮಾಲು ವಾಪಸ್ ಕಳಿಸೋದು ಇದಕ್ಕೇ. ಪದಾರ್ಥದ ಹೆಸರು, ಏನೇನು ಹಾಕಿದ್ದೀರಿ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಮಾಡಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ನಂಬರ್, ಪೂರ್ತಿ ವಿಳಾಸ, ದೂರಿಗೆ ಫೋನ್ ನಂಬರ್, ಸಸ್ಯಾಹಾರದ ಹಸಿರು ಚುಕ್ಕೆ. ನಾವೆಲ್ಲ ಹಪ್ಪಳ ನೂರರ ಕಟ್ಟು ಅಂತ ಮಾರುವವರು. ಪ್ಯಾಕೆಟ್ ಮೇಲೆ "100 ಹಪ್ಪಳ" ಅಂತ ಹಾಕಿದರೂ ತೂಕ ಬರೆಯೋದು ಬಿಡಬೇಡಿ.

ಲೆಕ್ಕದಪುಸ್ತಕ
ಸಾಗರದಸೊಸೆಯವರು ಹೇಳಿದ ಲೇಬಲ್ಲಿನಲ್ಲಿ ಎರಡು ಇಲಾಖೆ ಸೇರಿವೆ. ಪದಾರ್ಥಗಳ ಪಟ್ಟಿ, ಹಸಿರು ಚುಕ್ಕೆ ಆಹಾರ ಸುರಕ್ಷತೆಯವರದ್ದು. ತೂಕ, ಎಂಆರ್‌ಪಿ, ದೂರಿನ ನಂಬರ್ ತೂಕ ಮತ್ತು ಅಳತೆ ಇಲಾಖೆಯದ್ದು. ಪ್ಯಾಕ್ ಮಾಡಿ ಮಾರುವವರು ಶುರು ಮಾಡಿದ 90 ದಿನದೊಳಗೆ ಅಲ್ಲಿ ಪ್ಯಾಕರ್ ಅಂತ ನೋಂದಣಿ ಮಾಡಿಸಬೇಕು, ಶುಲ್ಕ 500. ನಿಮ್ಮ ಏಜೆಂಟ್ 38,000ದ ಪಟ್ಟಿಯಲ್ಲಿ ಇದನ್ನೇ ಬಿಟ್ಟಿದ್ದಾನೆ! ತೂಕದ ಮೆಷಿನ್ನಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಿ.

ಊರಿನಲ್ಲಿ ಪಂಚಾಯಿತಿಯ ಪಿಡಿಒ ಹತ್ತಿರವೂ ಒಮ್ಮೆ ಕೇಳಿ, ವ್ಯಾಪಾರದ ಪರವಾನಗಿ ಅವರ ಕೈಯಲ್ಲಿ.

ಮೈಸೂರುಮಲ್ಲಿಗೆಬಳ್ಳಿ
ಕಂಪನಿ ಯಾಕೆ ಬೇಡ ಅಂತೀರಿ? "ಪ್ರೈವೇಟ್ ಲಿಮಿಟೆಡ್" ಅಂದರೆ ಅಂಗಡಿಯವರಿಗೂ ಬ್ಯಾಂಕಿನವರಿಗೂ ಒಂದು ಗೌರವ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಮನೆ, ತೋಟ ಉಳಿಯುತ್ತೆ.

ಕೋರ್ಟುಕಟ್ಟೆ
ಎರಡನೇ ಮಾತು ತೂಕದ್ದು, ಒಪ್ಪುತ್ತೇನೆ. ಕಂಪನಿ ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ವ್ಯಕ್ತಿ. ಅದರ ಸಾಲ ಅದರದ್ದು. ಅತ್ತಿಗೆ ತನ್ನ ಹೆಸರಿನಲ್ಲೇ ವ್ಯಾಪಾರ ಮಾಡಿದರೆ ಸಾಲವೂ ಅವರದ್ದೇ, ತೋಟವೂ ಅವರದ್ದೇ. ಆದರೆ ಬ್ಯಾಂಕಿನವರು ಸಣ್ಣ ಕಂಪನಿಗೆ ಸಾಲ ಕೊಡುವಾಗ ಮಾಲೀಕರಿಂದ ವೈಯಕ್ತಿಕ ಜಾಮೀನು ಬರೆಸಿಕೊಳ್ಳದೆ ಬಿಡ್ತಾರಾ? ಬರೆಸಿಕೊಂಡ ಮೇಲೆ ಆ ರಕ್ಷಣೆ ಎಲ್ಲಿ ಉಳಿಯಿತು?

ಖರ್ಚು ನೋಡಿ. ಒಂದು ಪ್ಯಾಕೆಟ್ ಮಾರದಿದ್ದರೂ ಪ್ರತಿ ವರ್ಷ ಆಡಿಟ್ ಆಗಬೇಕು, ಲೆಕ್ಕಪತ್ರ ಮತ್ತು ವಾರ್ಷಿಕ ವಿವರ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ, ಅದಕ್ಕೆ ಮೇಲ್ಮಿತಿ ಇಲ್ಲ. ಐದು ಲಕ್ಷದ ವ್ಯಾಪಾರದಲ್ಲಿ ಇದು ಲಾಭವನ್ನೇ ತಿನ್ನುತ್ತೆ. ಏಜೆಂಟಿಗೆ ಕಂಪನಿ ಇಷ್ಟವಾಗೋದು ಯಾಕೆ ಅಂದರೆ ಅವನಿಗೆ ವರ್ಷಾ ವರ್ಷಾ ಕೆಲಸ ಸಿಗುತ್ತೆ.

ಮೈಸೂರುಮಲ್ಲಿಗೆಬಳ್ಳಿ
ಮುಂದೆ ಬೆಳೆದರೆ?

ಕೋರ್ಟುಕಟ್ಟೆ
ಬೆಳೆದ ಮೇಲೆ ಮಾಡಿಸಲಿ. ಬಾಗಿಲು ತೆರೆದೇ ಇರುತ್ತೆ.

ಸಾಗರದಸೊಸೆ
ಕೆಲಸಕ್ಕೆ ಬರುವ ಇಬ್ಬರನ್ನು ಸೇರಿಸಿಕೊಂಡು ಸ್ವಸಹಾಯ ಸಂಘ ಮಾಡೋದನ್ನೂ ಯೋಚಿಸಿ. ಪಿಎಂಎಫ್‌ಎಂಇ ಅಂತ ಸಣ್ಣ ಆಹಾರ ತಯಾರಕರಿಗೆ ಇರುವ ಕೇಂದ್ರದ ಯೋಜನೆಯಲ್ಲಿ ಆಹಾರ ತಯಾರಿಸುವ ಸಂಘದ ಸದಸ್ಯರಿಗೆ ತಲಾ 40,000ದವರೆಗೆ ಬೀಜಧನ ಇದೆ. ಒಬ್ಬರೇ ಮಾಡಿದರೆ ಯಂತ್ರಕ್ಕೆ ಬ್ಯಾಂಕ್ ಸಾಲದ ಮೇಲೆ ಕೇಂದ್ರದ ಸಹಾಯಧನ ಶೇ. 35, ಕರ್ನಾಟಕದಲ್ಲಿ ರಾಜ್ಯ ಸರ್ಕಾರ ಇನ್ನೂ 15 ಸೇರಿಸಿ 50 ಮಾಡಿದೆ. ನೋಡಿಕೊಳ್ಳೋದು ರಾಜ್ಯ ಸರ್ಕಾರದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ, ಕೆಪೆಕ್. ಈ ಯೋಜನೆ 2025-26ರವರೆಗೆ ಅಂತ ಇರೋದು, ತಡ ಮಾಡಬೇಡಿ.

ಹುಬ್ಬಳ್ಳಿಹುಡುಗ
ಸಬ್ಸಿಡಿ ಅಂದಮೇಲೆ ಮತ್ತೆ ಏಜೆಂಟ್ ಬರ್ತಾನೆ ನೋಡಿ. ಉದ್ಯಮ್‌ಗೂ ಸರ್ಕಾರಿ ಸೈಟ್ ಥರಾನೇ ಕಾಣೋ ಖಾಸಗಿ ಸೈಟ್‌ಗಳು ಬೇಕಾದಷ್ಟಿವೆ. ಫಾರಂ ತುಂಬಿಸಿಕೊಂಡು ಕೊನೆಗೆ 2,000-3,000 ಕೇಳ್ತಾರೆ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ನೋಡಿ, ಇಲ್ಲಾಂದ್ರೆ ಮುಚ್ಚಿಬಿಡಿ.

ಬೆಟ್ಟದಬದಿ
ಅತ್ತಿಗೆಗೆ ಎಲ್ಲ ಓದಿ ಹೇಳಿದೆ. ಈಗ ಅವರ ಪ್ರಶ್ನೆ: ಪುಣೆಯ ಗಿರಾಕಿಗಳು ರಜೆಗೆ ಊರಿಗೆ ಬಂದಾಗ ಮನೆಗೇ ಬಂದು ಉಪ್ಪಿನಕಾಯಿ ತಗೊಂಡು ಹೋದರೆ? ಮತ್ತೆ, ಬೆಂಗಳೂರು ಅಂಗಡಿಗೆ ಬಿಲ್ ಹೇಗೆ ಕೊಡೋದು?

ಲೆಕ್ಕದಪುಸ್ತಕ
ಮನೆ ಬಾಗಿಲಲ್ಲಿ ಕೈಗೆ ಕೊಟ್ಟು ದುಡ್ಡು ತಗೊಂಡರೆ ಅದು ಇಲ್ಲಿನ ಮಾರಾಟ. ಗಿರಾಕಿ ಅದನ್ನು ಎಲ್ಲಿಗೆ ಹೊತ್ತುಕೊಂಡು ಹೋದರೂ ನಿಮಗೆ ಸಂಬಂಧವಿಲ್ಲ.

ಬಿಲ್ ಸುಲಭ. ನಂಬರ್ ಹಾಕಿದ ಬಿಲ್ ಪುಸ್ತಕದಲ್ಲಿ ಹೆಸರು, ದಿನಾಂಕ, ಮಾಲು, ಮೊತ್ತ ಬರೆದು ಕೊಡಿ. ನೋಂದಣಿ ಇಲ್ಲದಿದ್ದಾಗ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಒಂದು ಪೈಸೆ ಸೇರಿಸುವ ಹಾಗಿಲ್ಲ, ಇದು ನೆನಪಿರಲಿ. ಹಪ್ಪಳದ್ದು, ಉಪ್ಪಿನಕಾಯಿಯದ್ದು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ನಾಳೆ ಯಾರಾದರೂ ಲೆಕ್ಕ ಕೇಳಿದರೆ ಅದೇ ಪುಸ್ತಕ ಮುಂದಿಟ್ಟರೆ ಆಯ್ತು. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಮಾಡಿ. ಅಣ್ಣ ಕಳಿಸಿದ ದುಡ್ಡು, ಅಡಿಕೆ ದುಡ್ಡು, ಹಪ್ಪಳದ ದುಡ್ಡು ಒಂದೇ ಖಾತೆಗೆ ಬಂದರೆ ಆಮೇಲೆ ಬಿಡಿಸೋದು ಕಷ್ಟ.

ಯಶವಂತಪುರಬೇಕರಿ
ಈ ಕೊನೇ ಮಾತು ಮಾತ್ರ ಸತ್ಯ. ನಮಗೆ ಜುಲೈನಲ್ಲಿ ತಲೆ ಕೆಟ್ಟಿದ್ದೇ ಅದಕ್ಕೆ. ಚೀಟಿ ದುಡ್ಡೂ ವ್ಯಾಪಾರದ ಲೆಕ್ಕಕ್ಕೆ ಸೇರಿತ್ತು.

ಬೆಟ್ಟದಬದಿ
ಹಪ್ಪಳ ಎಲ್ಲ ಕಡೆಗೂ ಕಳಿಸೋದು, ಉಪ್ಪಿನಕಾಯಿ ಸದ್ಯ ಕರ್ನಾಟಕದೊಳಗೆ ಮಾತ್ರ ಅಂತ ತೀರ್ಮಾನ ಆಯ್ತು. ಫಾಸ್ಕಾಸ್ ಅರ್ಜಿ ಇವತ್ತೇ ಹಾಕ್ತೀವಿ. ಹೆಸರು ಇನ್ನೂ ಇಟ್ಟಿಲ್ಲ. ಟ್ರೇಡ್‌ಮಾರ್ಕ್ ಈಗಲೇ ಮಾಡಿಸಬೇಕಾ?

ಕೋರ್ಟುಕಟ್ಟೆ
ಅರ್ಜಿ ಆಮೇಲೆ ಹಾಕಿ. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಶುಲ್ಕ ಸರಕಿನ ಒಂದು ವರ್ಗಕ್ಕೆ 4,500. ಆದರೆ ಲೇಬಲ್ ಅಚ್ಚು ಹಾಕಿಸೋ ಮೊದಲು ಟ್ರೇಡ್‌ಮಾರ್ಕ್ ಪೋರ್ಟಲಿನಲ್ಲಿ ಆ ಹೆಸರು ಬೇರೆಯವರದ್ದು ಇದೆಯಾ ಹುಡುಕಿ, ಅದಕ್ಕೆ ದುಡ್ಡಿಲ್ಲ. "ಮಲೆನಾಡು", "ಅಜ್ಜಿ ಕೈರುಚಿ" ಥರದ್ದು ಈಗಾಗಲೇ ಹತ್ತು ಜನ ಇಟ್ಟಿರ್ತಾರೆ.

ಪುಣೆಕನ್ನಡತಿ
ನಂಗೆ ಎರಡು ಕಟ್ಟು ಹಪ್ಪಳ, ಖಾರದ್ದು. ಬಿಲ್ ಸಮೇತ ಕಳಿಸಿ. ಉಪ್ಪಿನಕಾಯಿಗೆ ಏಪ್ರಿಲ್‌ನಲ್ಲಿ ಖುದ್ದು ಬರ್ತೀನಿ.

ಮಂಡ್ಯದಮಾವ
ರೇಟ್ ಇನ್ನೂ ಯಾರೂ ಹೇಳಲಿಲ್ಲ!